ಲಾ ಓದೋಕೆ ನೆರವು ಕೇಳುವುದು ಹೇಗೆ? ಬರ್ಲಿನ್‌ನಿಂದ ಒಂದು ಲೆಕ್ಕ

ಪ್ರತಿ ಅಕ್ಟೋಬರ್‌ನಲ್ಲಿ ಹೊಸಬರು ಬಂದಾಗ ಕೇಳುವ ಮೊದಲ ಪ್ರಶ್ನೆ, "ಜರ್ಮನಿಯಲ್ಲಿ ಫೀಸೇ ಇಲ್ವಲ್ಲ, ಮತ್ತೆ ಸ್ಕಾಲರ್‌ಶಿಪ್ ಯಾಕೆ?" ತಿಪಟೂರಿನಿಂದ ಹೊರಟಾಗ ನಾನೂ ಹಾಗೇ ಅಂದುಕೊಂಡಿದ್ದೆ. ಎಲ್‌ಎಲ್‌ಎಂ ಮುಗಿಯುವ ಹೊತ್ತಿಗೆ ಲೆಕ್ಕ ಬೇರೆಯೇ ಆಗಿತ್ತು.

ಮೊದಲು ಫೀಸಿನ ವಿಷಯ

ಬರ್ಲಿನ್‌ನ ಹುಂಬೋಲ್ಟ್ ಮತ್ತು ಫ್ರೈ ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು. ಹೆಚ್ಚಿನ ಕೋರ್ಸ್‌ಗಳಿಗೆ ಬೋಧನಾ ಶುಲ್ಕ ಇಲ್ಲ, ಸೆಮೆಸ್ಟರ್ ವಂತಿಗೆ ಮಾತ್ರ. ಆದರೆ ಕಾನೂನಿನಲ್ಲಿ ಒಂದು ತಿರುವಿದೆ. ಈಗಾಗಲೇ ಪದವಿ, ಅನುಭವ ಇದ್ದವರಿಗೆಂದು ನಡೆಸುವ "ವೈಟರ್‌ಬಿಲ್ಡೆಂಡ್" ಮಾದರಿಯ ಎಲ್‌ಎಲ್‌ಎಂಗಳಿಗೆ ಶುಲ್ಕ ಇರುತ್ತದೆ. ಅರ್ಜಿ ಹಾಕುವ ಮೊದಲು ಆ ಒಂದು ಪದ ಹುಡುಕಿ ನೋಡಿ.

ಫೀಸ್ ಇಲ್ಲದಿದ್ದರೂ ಬದುಕಬೇಕಲ್ಲ? 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ತೋರಿಸಬೇಕು. ಎಷ್ಟೋ ಮನೆಗಳಲ್ಲಿ ಅದು ಜಮೀನಿನ ಮೇಲೆ ತಂದ ಸಾಲ.

ಯಾವುದು ಅಗತ್ಯಕ್ಕೆ, ಯಾವುದು ಅಂಕಕ್ಕೆ?

ಅಗತ್ಯ ನೋಡಿ ಕೊಡುವ ಇಲ್ಲಿನ ದೊಡ್ಡ ಯೋಜನೆ ಬಾಫೋಗ್. ಸಾಮಾನ್ಯವಾಗಿ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ. ಆದರೆ ಓದಲೆಂದೇ ವೀಸಾ ಪಡೆದು ಬಂದ ನಮಗೆ ಸಾಮಾನ್ಯವಾಗಿ ಇದು ಸಿಗೋದಿಲ್ಲ. ಅಪ್ಪ ಅಥವಾ ಅಮ್ಮ ಕಳೆದ ಆರು ವರ್ಷಗಳಲ್ಲಿ ಮೂರು ವರ್ಷ ಜರ್ಮನಿಯಲ್ಲಿದ್ದು ಕೆಲಸ ಮಾಡಿದ್ದರೆ ದಾರಿ ಇದೆ. ಇಲ್ಲೇ ಬೆಳೆದ ಕನ್ನಡ ಮಕ್ಕಳು ಇದನ್ನು ಬಿಡಬೇಡಿ, ಸ್ಟುಡಿಯರೆಂಡನ್‌ವೆರ್ಕ್‌ನಲ್ಲಿ ವಿಚಾರಿಸಿ.

ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ತಿಂಗಳಿಗೆ 300 ಯೂರೋ, ಯಾವ ದೇಶದವರಾದರೂ ಹಾಕಬಹುದು. ಅದು ಅಂಕಕ್ಕೆ ಕೊಡುವಂಥದ್ದು. ಆದರೂ ಕುಟುಂಬದ ಕಷ್ಟ, ಮನೆಯಲ್ಲಿ ಮೊದಲ ಪದವೀಧರ ಎಂಬುದನ್ನೂ ಗಮನಿಸುತ್ತಾರೆ. ಹೈನ್‌ರಿಶ್ ಬೋಲ್, ರೋಸಾ ಲುಕ್ಸೆಂಬುರ್ಗ್ ಪ್ರತಿಷ್ಠಾನಗಳು ಅಂಕದ ಜೊತೆಗೆ ನಿಮ್ಮ ಸಾಮಾಜಿಕ ಕೆಲಸವನ್ನೂ ನೋಡುತ್ತವೆ.

ಊರಿನಿಂದ ಹೊರಡುವ ಮೊದಲೇ ನೋಡಬೇಕಾದದ್ದು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಕುಟುಂಬಗಳವರಿಗೆ. ಕುಟುಂಬದ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಇಲ್ಲಿಗೆ ಬಂದ ಮೇಲೆ ನೆನಪಾದರೆ ತಡ.

ನನ್ನ ತಪ್ಪು

ಪ್ರಬಂಧ ಬರೆಯೋಕೆ ಇನ್ನೂ ನಾಲ್ಕು ತಿಂಗಳು ಬೇಕಿತ್ತು, ಬ್ಲಾಕ್ಡ್ ಅಕೌಂಟ್ ಖಾಲಿ. ಒಂದು ತುರ್ತು ನಿಧಿಗೆ ಅರ್ಜಿ ಹಾಕಿದೆ. ಸಾಲದ ಮಾತು ಬರೆಯೋಕೆ ನಾಚಿಕೆ. "ತಂದೆ ಕೃಷಿಕರು, ತೆಂಗಿನ ತೋಟವಿದೆ" ಅಂತ ಗತ್ತಿನಲ್ಲಿ ಬರೆದು, ಕೊನೆಗೆ "ಎಷ್ಟಾದರೂ ಸಹಾಯ ಮಾಡಿ" ಅಂದೆ. ತಿರಸ್ಕಾರವಾಯಿತು. ಓದಿದವರಿಗೆ ನಾನು ತೋಟದ ಒಡೆಯನ ಮಗ! ಮಳೆ ಇಲ್ಲದ ತೋಟ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಎರಡನೇ ಸಲ ಬೇರೆ ಕಡೆ, ಬರೀ ಲೆಕ್ಕ ಬರೆದೆ. ತಿಂಗಳ ಖರ್ಚು: ರೂಮು 480, ಆರೋಗ್ಯ ವಿಮೆ 145, ಊಟ 220, ಸೆಮೆಸ್ಟರ್ ವಂತಿಗೆಯ ಪಾಲು 55, ಫೋನು ಮತ್ತು ಇತರೆ 75. ಒಟ್ಟು 975. ಪಾರ್ಟ್‌ಟೈಮ್ ದುಡಿಮೆ 520. ಕೊರತೆ 455. ನಾಲ್ಕು ತಿಂಗಳಿಗೆ 1,820 ಯೂರೋ. ಜೊತೆಗೆ ಯಾವ ತಿಂಗಳು ಪ್ರಬಂಧ ಸಲ್ಲಿಸುತ್ತೇನೆ ಅಂತ ಮೇಲ್ವಿಚಾರಕರ ಪತ್ರ. ಮೂರು ವಾರದಲ್ಲಿ ಒಪ್ಪಿಗೆ ಬಂತು.

ಪಾಠ ಇಷ್ಟೇ: ಕಷ್ಟ ಹೇಳಿಕೊಳ್ಳುವುದು ಭಿಕ್ಷೆ ಅಲ್ಲ, ಅದು ಸಾಕ್ಷ್ಯ. ನಾವು ಲಾ ಓದಿದವರು, ಸಾಕ್ಷ್ಯವಿಲ್ಲದ ವಾದ ನಿಲ್ಲೋದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಏನೇನು ಇಟ್ಟುಕೊಳ್ಳಬೇಕು?

1. ತಹಶೀಲ್ದಾರರ ಆದಾಯ ಪ್ರಮಾಣ ಪತ್ರ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಎಷ್ಟೋ ರೈತರ ಬಳಿ ತೆರಿಗೆ ವಿವರ ಇರೋದೇ ಇಲ್ಲ. ಅದನ್ನು ಒಂದು ಸಾಲಿನಲ್ಲಿ ವಿವರಿಸಿ. ಪಹಣಿ, ಸಾಲದ ಪತ್ರ ಜೊತೆಗಿಡಿ.
2. ಅನುವಾದ. ಕನ್ನಡದಿಂದ ನೇರ ಜರ್ಮನ್‌ಗೆ ಪ್ರಮಾಣಿತ ಅನುವಾದಕರು ಸಿಗೋದು ಕಷ್ಟ. ಊರಲ್ಲೇ ಇಂಗ್ಲಿಷ್ ಪ್ರತಿ ಮಾಡಿಸಿ ತನ್ನಿ.
3. ಮೂರು ತಿಂಗಳ ಬ್ಯಾಂಕ್ ವಿವರ, ಬಾಡಿಗೆ ಕರಾರು, ವಿಮೆಯ ರಸೀತಿ.
4. ದುಡಿಮೆಯ ಲೆಕ್ಕ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಅದಕ್ಕಿಂತ ಹೆಚ್ಚು ದುಡಿಯುತ್ತೇನೆ ಅಂತ ಬರೆದು ಸಿಕ್ಕಿಬೀಳಬೇಡಿ.

ಇನ್ನೊಂದು ಎಚ್ಚರಿಕೆ. ವಿದ್ಯಾರ್ಥಿ ವೀಸಾ ಇರುವವರು ಬಾಡಿಗೆ ಸಹಾಯಧನದಂಥ ಸರ್ಕಾರಿ ಸಾಮಾಜಿಕ ನೆರವಿಗೆ ಕೈಹಾಕುವ ಮೊದಲು ಸಾಮಾಜಿಕ ಸಲಹಾ ಕೇಂದ್ರದಲ್ಲಿ ಮಾತಾಡಿ. ವಾಸದ ಪರವಾನಗಿಗೆ ತೊಂದರೆಯಾದೀತು. ಸ್ಕಾಲರ್‌ಶಿಪ್‌ಗೆ ಆ ಭಯವಿಲ್ಲ, ಅದರ ಪತ್ರವನ್ನು ನವೀಕರಣಕ್ಕೂ ತೋರಿಸಬಹುದು.

ಅಂಬೇಡ್ಕರ್ ಅವರು 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾಗೆ ಹೋದರು. 1920ರಲ್ಲಿ ಲಂಡನ್‌ಗೆ ಮರಳುವಾಗ ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಇತ್ತು. ಅಂಥವರೇ ನೆರವು ಪಡೆದು ಓದಿದ್ದಾರೆ. ನಮಗ್ಯಾಕೆ ಸಂಕೋಚ?

ಅರ್ಜಿ ಬರೆದು ಒಂಟಿಯಾಗಿ ಕೂರಬೇಡಿ. ಸಂಘದ ಭೇಟಿಗೆ ತನ್ನಿ, ಕಾಫಿ ಕುಡಿಯುತ್ತಾ ಒಟ್ಟಿಗೆ ಕೂತು ಲೆಕ್ಕ ನೋಡೋಣ.