ಕೊಹ್ಲಿ ಸೆಂಚುರಿಯೋ, ಆರ್‌ಸಿಬಿ ಗೆಲುವೋ? ಅಭಿಮಾನದ ಬಗ್ಗೆ ಒಂದು ಪಾಠ

ಯೌವನಸ್ಥರ ಕೂಟದ ಸಂದೇಶ, ಕೆಲಗೇರಿ, ಧಾರವಾಡ
ವಾಕ್ಯಭಾಗ: 1 ಕೊರಿಂಥ 1:10-13, 3:4-9, 12:14-26

ಬೈಬಲ್ ತಂದವರು ತೆಗೀರಿ, ಮೊಬೈಲ್‌ನಲ್ಲಿ ಓದೋರು ಆ್ಯಪ್ ತೆಗೀರಿ, ನೋಟಿಫಿಕೇಶನ್ ಬಂದ್ ಮಾಡ್ರಿ. ಒಂದನೇ ಕೊರಿಂಥ, ಮೊದಲನೇ ಅಧ್ಯಾಯದಿಂದ ಶುರು ಮಾಡೋಣ.

ನಮ್ಮ ಯೂತ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಓಡಾಡ್ತಾ ಇತ್ತು. ಕೊಹ್ಲಿ ಸೆಂಚುರಿ ಹೊಡೆದು ಆರ್‌ಸಿಬಿ ಸೋಲೋದು ಬೇಕೋ, ಕೊಹ್ಲಿ ಸೊನ್ನೆಗೆ ಔಟಾಗಿ ಆರ್‌ಸಿಬಿ ಗೆಲ್ಲೋದು ಬೇಕೋ? ಸುಮಾರು ಜನ ‘ಗೆಲುವು ಬೇಕು’ ಅಂದ್ರು. ಕೆಲವರು ಮಾತ್ರ ‘ಕೊಹ್ಲಿ ಇರೋ ತನಕ ನಮಗ ಆರ್‌ಸಿಬಿ, ಆಮೇಲೆ ಯಾರಿಗೆ ಬೇಕು ಕ್ರಿಕೆಟ್ಟು’ ಅಂತ ಖಡಾಖಡಿ ಬರೆದ್ರು. ಇದನ್ನ ಓದಿ ನಾನು ನಗಲಿಲ್ಲ. ಯಾಕಂದ್ರೆ ಇದೇ ಮಾತನ್ನ ನಾನು ಸಭೆಯಲ್ಲಿಯೂ ಕೇಳಿದ್ದೀನಿ. ‘ಆ ಬ್ರದರ್ ಮೆಸೇಜ್ ಇದ್ರ ಬರ್ತೀನ್ರಿ, ಇಲ್ಲಂದ್ರ ಆನ್‌ಲೈನ್ ನೋಡ್ತೀನಿ.’ ಪ್ರಶ್ನೆ ಒಂದೇ, ಜೆರ್ಸಿ ಬೇರೆ. ಅದಕ್ಕೆ ಇವತ್ತು ಇದನ್ನೇ ಪಾಠವಾಗಿ ತಗೊಂಡಿದ್ದೀನಿ.

ಮೊದಲನೆಯದು: ಕ್ಯಾಪ್ ಬೇರೆ, ಕಪ್ ಬೇರೆ

ಮೊದಲು ಲೆಕ್ಕ ನೋಡೋಣ. 2013ರ ಏಪ್ರಿಲ್ 23, ಬೆಂಗಳೂರು. ಕ್ರಿಸ್ ಗೇಲ್ ಔಟಾಗದೆ 175. ಆ ಇನ್ನಿಂಗ್ಸ್ ಇವತ್ತಿಗೂ ನಾವು ಹಾಕ್ಕೊಂಡು ನೋಡ್ತೀವಿ. ಆದರೆ ಆ ವರ್ಷ ಆರ್‌ಸಿಬಿ ಪ್ಲೇಆಫ್‌ಗೂ ಹೋಗಲಿಲ್ಲ, ಐದನೇ ಸ್ಥಾನದಲ್ಲಿ ನಿಂತಿತು. 2016ರಲ್ಲಿ ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದ, ನಾಲ್ಕು ಸೆಂಚುರಿ. ಆರೆಂಜ್ ಕ್ಯಾಪ್ ನಮ್ಮದಾಯ್ತು. ಫೈನಲ್‌ನಲ್ಲಿ ಹೈದರಾಬಾದ್ ಎದುರು 8 ರನ್‌ನಿಂದ ಸೋತ್ವಿ, ಅದೂ ಚಿನ್ನಸ್ವಾಮಿಯಲ್ಲೇ. 2023ರ ಮೇ 21ರಂದು ಅದೇ ಮೈದಾನದಲ್ಲಿ ಕೊಹ್ಲಿ ಔಟಾಗದೆ 101, ಆ ಕಡೆ ಗುಜರಾತಿನ ಶುಭ್‌ಮನ್ ಗಿಲ್ ಔಟಾಗದೆ 104, ನಾವು ಟೂರ್ನಿಯಿಂದ ಹೊರಗೆ. ನಮ್ಮ ಗ್ರೂಪಿನ ಪ್ರಶ್ನೆ ಆ ರಾತ್ರಿ ನಿಜವಾಗಿಯೇ ನಡೆದು ಹೋಗಿತ್ತು.

ಈಗ 2025ಕ್ಕೆ ಬರ್ರಿ. ಹದಿನೆಂಟನೇ ಸೀಸನ್. ಆರೆಂಜ್ ಕ್ಯಾಪ್ ಸಾಯಿ ಸುದರ್ಶನ್‌ಗೆ, ಪರ್ಪಲ್ ಕ್ಯಾಪ್ ನಮ್ಮ ಕರ್ನಾಟಕದವನೇ ಆದ ಪ್ರಸಿದ್ಧ್ ಕೃಷ್ಣನಿಗೆ, ಇಬ್ಬರೂ ಗುಜರಾತ್ ತಂಡದವರು. ಎರಡೂ ಕ್ಯಾಪ್ ನಮಗೆ ಬರಲಿಲ್ಲ, ಕಪ್ ಬಂತು. ಆ ಸೀಸನ್‌ನಲ್ಲಿ ಆರ್‌ಸಿಬಿ ಗೆದ್ದದ್ದು ಹನ್ನೊಂದು ಪಂದ್ಯ. ಆ ಪಂದ್ಯಗಳಲ್ಲಿ ಪಂದ್ಯಪುರುಷ ಯಾರು ಅಂತ ಎಣಿಸ್ರಿ: ಕೃಣಾಲ್ ಪಾಂಡ್ಯ, ರಜತ್ ಪಾಟೀದಾರ್, ಫಿಲ್ ಸಾಲ್ಟ್, ಕೊಹ್ಲಿ, ಹ್ಯಾಜಲ್‌ವುಡ್, ರೊಮಾರಿಯೊ ಶೆಫರ್ಡ್, ಜಿತೇಶ್ ಶರ್ಮಾ, ಸುಯಶ್ ಶರ್ಮಾ. ಎಂಟು ಮಂದಿ! ಜೂನ್ 3ರ ಫೈನಲ್‌ನಲ್ಲಿ ಕೊಹ್ಲಿ 43 ಹೊಡೆದ. ಪಂಜಾಬಿನ ಕೈ ಕಟ್ಟಿದ್ದು ಕೃಣಾಲ್, ನಾಲ್ಕು ಓವರ್, 17 ರನ್, 2 ವಿಕೆಟ್. 6 ರನ್‌ನಿಂದ ಗೆದ್ವಿ.

ನಮ್ಮ ದೇವದತ್ತ ಪಡಿಕ್ಕಲ್ ಗಾಯವಾಗಿ ಮಧ್ಯದಲ್ಲೇ ಹೊರಗೆ ಹೋದ. ಅವನ ಜಾಗಕ್ಕೆ ಬಂದದ್ದು ನಮ್ಮವನೇ, ಮಯಾಂಕ್ ಅಗರ್ವಾಲ್. ಒಬ್ಬ ಬಿದ್ದಾಗ ಇನ್ನೊಬ್ಬ ಎದ್ದು ನಿಂತ. ಒಬ್ಬನ ಮೇಲೆ ನಿಂತ ತಂಡಕ್ಕೆ ಆ ಒಬ್ಬ ಬಿದ್ದ ದಿನವೇ ಕಡೇ ದಿನ. ಇದು ಕ್ರಿಕೆಟ್ಟಿನ ಮಾತು, ಸಭೆಯ ಮಾತೂ ಹೌದು. ಆಮೆನ್ ಅಂತೀರೋ ಇಲ್ಲೋ?

ಎರಡನೆಯದು: ಕೊರಿಂಥದ ಫ್ಯಾನ್ ಕ್ಲಬ್

ಕೊರಿಂಥ ಹಳ್ಳಿಯಲ್ಲ, ಬಂದರು ಪಟ್ಟಣ. ವ್ಯಾಪಾರ, ಹಣ, ಒಳ್ಳೇ ಭಾಷಣ ಮಾಡೋರಿಗೆ ಭಾರೀ ಮರ್ಯಾದೆ. ಅಲ್ಲಿಯ ಸಭೆಯಲ್ಲಿ ಒಂದು ರೋಗ ಹತ್ತಿತ್ತು. ಒಬ್ಬರು ತಾವು ಪೌಲನ ಕಡೆಯವರು ಅಂತಾರೆ, ಇನ್ನೊಬ್ಬರು ಅಪೊಲ್ಲೋಸನ ಕಡೆ, ಮತ್ತೊಬ್ಬರು ಕೇಫನ ಕಡೆ. ಕ್ರಿಸ್ತನ ಹೆಸರನ್ನೂ ಒಂದು ಪಾರ್ಟಿ ಮಾಡಿಬಿಟ್ಟಿದ್ರು. ಪೌಲ ತನ್ನ ಫ್ಯಾನ್‌ಗಳನ್ನ ಮೆಚ್ಚಿಕೊಳ್ಳಲಿಲ್ಲ ನೋಡ್ರಿ. ಕ್ರಿಸ್ತನನ್ನ ತುಂಡು ಮಾಡಿ ಹಂಚಿಕೊಂಡಿದ್ದೀರೋ, ನಿಮಗಾಗಿ ಶಿಲುಬೆಗೆ ಹೋದವನು ಪೌಲನೋ ಅಂತ ಅವರನ್ನೇ ಕೇಳಿದ.

ಅಪೊಲ್ಲೋಸ ಸಾಮಾನ್ಯನಲ್ಲ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಓದಿ. ಅಲೆಕ್ಸಾಂದ್ರಿಯದವನು, ಮಾತಿನಲ್ಲಿ ಗಟ್ಟಿ, ಶಾಸ್ತ್ರದಲ್ಲಿ ಗಟ್ಟಿ. ಇವತ್ತಿದ್ದಿದ್ರೆ ಅವನ ರೀಲ್ಸ್ ನಿಮ್ಮೆಲ್ಲರ ಸ್ಟೇಟಸ್‌ನಲ್ಲಿ ಇರ್ತಿದ್ವು. ಆದರೆ ಅದೇ ಅಧ್ಯಾಯದಲ್ಲಿ, ಅವನಿಗೆ ಗೊತ್ತಿಲ್ಲದ್ದನ್ನ ಕರೆದು ಕೂಡಿಸಿಕೊಂಡು ಕಲಿಸಿದವರು ಯಾರು? ಡೇರೆ ಹೊಲಿಯೋ ಗಂಡ ಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಅವರ ಹೆಸರಲ್ಲಿ ಕೊರಿಂಥದಲ್ಲಿ ಯಾವ ಪಾರ್ಟಿಯೂ ಹುಟ್ಟಲಿಲ್ಲ.

ಇನ್ನೊಂದು ಗಮನಿಸ್ರಿ. 16ನೇ ಅಧ್ಯಾಯದ 12ನೇ ವಚನದಲ್ಲಿ, ಕೊರಿಂಥಕ್ಕೆ ಹೋಗು ಅಂತ ಪೌಲನೇ ಅಪೊಲ್ಲೋಸನನ್ನ ಬೇಡಿಕೊಂಡದ್ದು ಇದೆ. ಪೌಲನಿಗೆ ಹೊಟ್ಟೆಕಿಚ್ಚಿದ್ರೆ ಹಾಗೆ ಮಾಡ್ತಿದ್ನಾ? ಸೇವಕರ ನಡುವೆ ಜಗಳ ಇರಲಿಲ್ಲ, ಜಗಳ ಇದ್ದದ್ದು ಅಭಿಮಾನಿಗಳಲ್ಲಿ. 3ನೇ ಅಧ್ಯಾಯದಲ್ಲಿ ಪೌಲ ಹೊಲದ ಲೆಕ್ಕ ಹೇಳ್ತಾನೆ: ನೆಟ್ಟವನು ತಾನು, ನೀರು ಹಾಕಿದವನು ಅಪೊಲ್ಲೋಸ, ಬೆಳೆಸಿದವನು ದೇವರು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದೋ ಮಕ್ಕಳೇ, ನಿಮಗೆ ಇದು ಬೇಗ ತಿಳೀತದ. ಬೆಳೆ ಬಂದ ಮೇಲೆ ಯಾವ ರೈತನೂ ಬಿತ್ತಿದ ಕೂರಿಗೆಗೆ ಕೈಮುಗಿದು ಹೊಲ ಮರೆಯೋದಿಲ್ಲ.

ಮೂರನೆಯದು: ಹಂಗಾದ್ರ ಸ್ಟಾರ್ ಬ್ಯಾಡೇನು?

ಹಂಗಲ್ಲ. ಇಲ್ಲಿ ಅವಸರ ಮಾಡಬೇಡ್ರಿ. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನ ನಾಯಕತ್ವದಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ಗೆದ್ದರು, ಗಂಡಸರಿಗಿಂತ ಮೊದಲು. ಆ ವರ್ಷ ಹೆಚ್ಚು ರನ್ ಹೊಡೆದವಳು ಎಲಿಸ್ ಪೆರ್ರಿ, 347. ಹೆಚ್ಚು ವಿಕೆಟ್ ತೆಗೆದವಳು ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್, 13. ಕ್ಯಾಪೂ ನಮ್ಮವು, ಕಪ್ಪೂ ನಮ್ಮದು. ಅಂದ್ರೆ ಪ್ರತಿಭೆ ತಂಡಕ್ಕೆ ವೈರಿಯಲ್ಲ. ಪ್ರತಿಭೆ ಯಾರ ಕೈಗೆ ಹೋಗ್ತದೆ ಅನ್ನೋದು ಪ್ರಶ್ನೆ. ಪವಿತ್ರಾತ್ಮನು ಕೊಡುವ ವರಗಳ ಬಗ್ಗೆ 1 ಕೊರಿಂಥ 12:7 ಇದನ್ನೇ ಹೇಳ್ತದೆ: ಒಬ್ಬನಿಗೆ ಕೊಟ್ಟದ್ದು ಎಲ್ಲರ ಪ್ರಯೋಜನಕ್ಕಾಗಿ.

ಕೊಹ್ಲಿಯ ವಿಷಯದಲ್ಲೂ ನ್ಯಾಯವಾಗಿ ಮಾತಾಡೋಣ. 2008ರಿಂದ ಹದಿನೆಂಟು ಸೀಸನ್ ಒಂದೇ ತಂಡ. ಸೋತಾಗಲೂ ಬಿಟ್ಟು ಹೋಗಲಿಲ್ಲ. ಗೆದ್ದ ರಾತ್ರಿ ಆ ತಂಡದಲ್ಲೇ ಇಲ್ಲದ ಎಬಿ ಡಿವಿಲಿಯರ್ಸ್ ಮತ್ತು ಗೇಲ್ ಅವರನ್ನ ಕರೆತಂದು ಕಪ್ ಹಿಡಿಸಿದ. ಬಿತ್ತಿದವನಿಗೂ ಕೊಯ್ದವನಿಗೂ ಒಂದೇ ಸಂತೋಷ ಅಂತ ಯೋಹಾನ 4ರಲ್ಲಿ ಕರ್ತನು ಕಲಿಸಿದ್ದು ನನಗೆ ಆಗ ನೆನಪಾಯ್ತು. ‘ಕೊಹ್ಲಿ ಇಲ್ಲದಿದ್ರ ಆರ್‌ಸಿಬಿ ಬ್ಯಾಡ’ ಅನ್ನೋ ತಮ್ಮ, ಕೊಹ್ಲಿ ಏನನ್ನ ಪ್ರೀತಿಸಿದ್ನೋ ಅದನ್ನೇ ನೀನು ಬ್ಯಾಡ ಅಂತಿದ್ದಿ! ನಿಜವಾದ ಸೇವಕನನ್ನ ಗೌರವಿಸೋ ದಾರಿ ಒಂದೇ, ಅವನು ಯಾವುದಕ್ಕಾಗಿ ಬೆವರು ಹರಿಸಿದ್ನೋ ಅದನ್ನ ನೀನೂ ಪ್ರೀತಿಸೋದು. ಯೋಹಾನ 3:30ರಲ್ಲಿ ಸ್ನಾನಿಕನಾದ ಯೋಹಾನನು ತಾನು ಕಡಿಮೆಯಾಗಬೇಕು ಅಂದದ್ದು ಇದಕ್ಕೇ. ತನ್ನ ಶಿಷ್ಯರು ತನ್ನನ್ನ ಬಿಟ್ಟು ಯೇಸುವಿನ ಹಿಂದೆ ಹೋದಾಗ ಅವನಿಗೆ ದುಃಖ ಆಗಲಿಲ್ಲ, ಸಂತೋಷ ಆಯ್ತು.

ನಾಲ್ಕನೆಯದು: ಹಳ್ಳದ ದಂಡೆಯಲ್ಲಿ ಉಳಿದವರು

ಒಂದನೇ ಸಮುವೇಲ 30. ದಾವೀದನ ಜೊತೆ ಆರುನೂರು ಮಂದಿ. ಅಮಾಲೇಕ್ಯರು ಅವರ ಹೆಂಡಿರು ಮಕ್ಕಳನ್ನ ಹಿಡಿದೊಯ್ದಿದ್ದರು. ಬೆನ್ನಟ್ಟಿ ಹೋಗುವಾಗ ಬೆಸೋರ್ ಹಳ್ಳದ ಹತ್ತಿರ ಇನ್ನೂರು ಮಂದಿ ದಣಿದು ಕೂತುಬಿಟ್ಟರು. ನಾನೂರು ಮಂದಿ ಹೋಗಿ ಗೆದ್ದು ಬಂದರು. ಬಂದವರಲ್ಲಿ ಕೆಲವರು, ಯುದ್ಧಕ್ಕೆ ಬಾರದವರಿಗೆ ಕೊಳ್ಳೆಯಲ್ಲಿ ಪಾಲಿಲ್ಲ ಅಂದ್ರು. ದಾವೀದ ಒಪ್ಪಲಿಲ್ಲ. ಸಾಮಾನು ಕಾದವನಿಗೂ ಹೋರಾಡಿದವನಿಗೂ ಸಮಪಾಲು ಅಂತ ನಿಯಮವನ್ನೇ ಮಾಡಿದ. ಯಾಕೆ? ಗೆಲುವನ್ನ ಕೊಟ್ಟವನು ದೇವರು, ನಾವಲ್ಲ ಅಂತ ಅವನಿಗೆ ಗೊತ್ತಿತ್ತು.

ನಮ್ಮ ಕಡೆಯ ಒಂದು ಉದಾಹರಣೆ. ಗದಗದ ಸುನಿಲ್ ಜೋಶಿ ಹುಡುಗನಿದ್ದಾಗ ಅಭ್ಯಾಸಕ್ಕೆ ಗದಗದಿಂದ ಹುಬ್ಬಳ್ಳಿಗೆ ಬಂದು ಹೋಗ್ತಿದ್ರು. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ, ಆ ಒಂದೇ ಸೀಸನ್‌ನಲ್ಲಿ ಅವರು 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಮಾಡಿದ್ರು. ಆ ಕಾಲದ ಗೋಡೆಗಳ ಮೇಲೆ ಪೋಸ್ಟರ್ ಇದ್ದದ್ದು ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಅವರದ್ದು. ಪೋಸ್ಟರ್ ನೋಡಿ ತಂಡ ಅಳೆದ್ರೆ ಜೋಶಿಯಂಥವರು ನಮಗೆ ಕಾಣೋದೇ ಇಲ್ಲ.

ನಮ್ಮ ಸಭೆಯಲ್ಲಿ ಮೈಕ್ ಹಿಡಿದವರು ಕಾಣ್ತಾರೆ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕೋರು, ಸೌಂಡ್ ನೋಡೋರು, ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸೋ ಅಕ್ಕಂದಿರು, ಮೊಣಕಾಲೂರಿ ನಿಮ್ಮ ಹೆಸರು ಹೇಳಿ ಪ್ರಾರ್ಥಿಸೋ ಅಜ್ಜಿಯಂದಿರು, ಇವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ಗೊತ್ತು? ದೊಡ್ಡ ದೊಡ್ಡ ಪ್ರಸಂಗಿಗಳ ಹತ್ತು ಹೆಸರು ಗೊತ್ತಿದ್ದು ಪಕ್ಕದ ಕುರ್ಚಿಯವನ ಹೆಸರು ಗೊತ್ತಿಲ್ಲದಿದ್ರೆ, ನೀವು ಸಭೆಯಲ್ಲಿ ಇಲ್ಲ, ಸ್ಟೇಡಿಯಮ್‌ನಲ್ಲಿ ಇದ್ದೀರಿ.

ಐದನೆಯದು: ಗುಂಪು ಬೇರೆ, ದೇಹ ಬೇರೆ

ಈ ಮಾತನ್ನ ಮೆಲ್ಲಗೆ ಹೇಳ್ತೀನಿ. ಗೆದ್ದ ಮರುದಿನ, 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ನಿಮ್ಮಂಥವರೇ, ಸಂತೋಷಪಡಲಿಕ್ಕೆ ಹೋದವರು. ‘ದೇವರು ಶಿಕ್ಷೆ ಕೊಟ್ಟ’ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಲೂಕ 13 ತೋರಿಸ್ರಿ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಅಂತ ಯೇಸುವೇ ಹೇಳಿದ್ದಾನೆ. ಆ ತಂದೆ ತಾಯಿಯರ ಜೊತೆ ಅಳೋದಷ್ಟೇ ನಮ್ಮ ಕೆಲಸ. ಯಾವ ಕಪ್ಪೂ, ಯಾವ ಸ್ಟಾರೂ ಒಂದು ಜೀವಕ್ಕೆ ಸಮ ಅಲ್ಲ.

ಅದರ ಜೊತೆಗೆ ಒಂದು ಸತ್ಯ ಹೇಳಬೇಕು. ಗುಂಪಿನಲ್ಲಿ ಎಲ್ಲರ ಕಣ್ಣೂ ಮುಂದಿರೋ ಒಬ್ಬರ ಕಡೆ. ಪಕ್ಕದವನು ಬಿದ್ದರೆ ಹಿಂದಿನವನಿಗೆ ಗೊತ್ತಾಗೋದಿಲ್ಲ. ದೇಹ ಹಂಗಲ್ಲ. ಕಿರುಬೆರಳಿಗೆ ಮುಳ್ಳು ಚುಚ್ಚಿದ್ರೆ ಕಣ್ಣಲ್ಲಿ ನೀರು ಬರ್ತದೆ. 1 ಕೊರಿಂಥ 12:26ರ ಅರ್ಥ ಅದೇ. ಒಂದು ಅಂಗಕ್ಕೆ ನೋವಾದ್ರೆ ಎಲ್ಲಕ್ಕೂ ನೋವು, ಒಂದಕ್ಕೆ ಮಾನ ಬಂದ್ರೆ ಎಲ್ಲಕ್ಕೂ ಸಂತೋಷ. ಹಾಗಾಗಿ ನನ್ನ ಉತ್ತರ ಬರೀ ‘ಸ್ಟಾರ್‌ಗಿಂತ ತಂಡ ದೊಡ್ಡದು’ ಅಂತಲ್ಲ. ತಂಡವೂ ಬರೀ ಗೆಲುವಿಗಾಗಿ ಇದ್ರೆ ಅದೂ ಇನ್ನೊಂದು ವಿಗ್ರಹ ಆಗ್ತದೆ. ತಂಡದೊಳಗಿನ ಅತಿ ಚಿಕ್ಕವನು ಕೂಡ ಲೆಕ್ಕಕ್ಕೆ ಬರೋದು ಕ್ರಿಸ್ತನ ದೇಹದಲ್ಲಿ.

ಒಬ್ಬ ಪ್ರಸಂಗಿಯನ್ನ ನಂಬಿ ಬಂದ ಯುವಕರನ್ನ ನಾನು ನೋಡಿದ್ದೀನಿ. ಆ ಪ್ರಸಂಗಿ ಬಿದ್ದ ದಿನ ಇವರೂ ಬೈಬಲ್ ಮುಚ್ಚಿಟ್ಟರು. ಅವರ ನಂಬಿಕೆಗೆ ಒಂದೇ ಕಂಬ ಇತ್ತು. ನಾಳೆ ನಾನು ಈ ಕೆಲಗೇರಿ ಬಿಟ್ಟು ಬೇರೆ ಊರಿಗೆ ಹೋಗಬಹುದು. ನನ್ನ ಜಾಗಕ್ಕೆ ನನಗಿಂತ ಸಪ್ಪೆ ಮಾತಾಡೋರು ಬರಬಹುದು. ಆಗಲೂ ನೀವು ಇಲ್ಲೇ ಇರ್ತೀರೇನು? ಇದಕ್ಕೆ ‘ಹೌದು’ ಅನ್ನೋರು ಮಾತ್ರ ಇವತ್ತಿನ ಪಾಠ ಕಲಿತವರು.

ಈ ವಾರ ಮಾಡಬೇಕಾದದ್ದು

ಒಂದು, ಮೈಕ್ ಹಿಡಿಯದ ಒಬ್ಬ ಸೇವಕರನ್ನ ಹುಡುಕಿ, ಹೆಸರು ಕೇಳಿ, ಥ್ಯಾಂಕ್ಸ್ ಹೇಳ್ರಿ.
ಎರಡು, ಈ ತಿಂಗಳು ಕೂಟಕ್ಕೆ ಬಾರದ ಒಬ್ಬರಿಗೆ ಫೋನ್ ಮಾಡ್ರಿ. ಮೆಸೇಜ್ ಅಲ್ಲ, ಫೋನ್. ಇಲ್ಲಂದ್ರೆ ಕೆಲಗೇರಿ ಕೆರೆ ಕಡೆ ಕರಕೊಂಡು ಹೋಗಿ ಮಾತಾಡ್ರಿ.
ಮೂರು, ನಿಮ್ಮ ಸೆಲ್ ಗ್ರೂಪಿನಲ್ಲಿ ಚರ್ಚೆ ಮಾಡ್ರಿ: ದೇವರು ನನಗೆ ಕೊಟ್ಟ ವರ ಇಲ್ಲಿ ಯಾರಿಗೆ ಉಪಯೋಗ ಆಗ್ತಾ ಇದೆ, ನನ್ನ ಹೆಸರಿಗೋ, ನನ್ನ ಸಹೋದರನಿಗೋ?

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ಮನುಷ್ಯರ ಹೆಸರು ಹಿಡಿದು ನಾವು ನಿನ್ನ ಸಭೆಯನ್ನ ಹಂಚಿಕೊಂಡಿದ್ದರೆ ಕ್ಷಮಿಸು. ನೀನು ಕೊಟ್ಟ ಸೇವಕರಿಗಾಗಿ ಸ್ತೋತ್ರ, ಆದರೆ ನಮ್ಮ ನಂಬಿಕೆ ನಿನ್ನ ಮೇಲೆಯೇ ನಿಲ್ಲಲಿ. ಮಕ್ಕಳನ್ನ ಕಳಕೊಂಡ ಆ ಮನೆಗಳನ್ನ ಸಂತೈಸು. ಇಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರೋ ತಮ್ಮನನ್ನ, ತಂಗಿಯನ್ನ ನೀನು ಹೆಸರಿಡಿದು ಕರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.