ಹಣ ಹೊರಗಿನದು, ಹೊಣೆ ನಮ್ಮದು



ಜೋರು ಮಳೆಯ ಮರುದಿನ ನಮ್ಮ ದೊಡ್ಡಹಳ್ಳ ಕೆಂಪಗೆ ಹರಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಕೆಂಪು ನಮ್ಮ ಹೊಲಗಳ ಮೇಲ್ಮಣ್ಣು. ನಾವು ಹಾಕಿದ ಗೊಬ್ಬರವೂ ಅದರೊಂದಿಗೆ ಕಾವೇರಿಯ ಪಾಲಾಗುತ್ತದೆ. ಬೇಸಿಗೆ ಬಂದಾಗ ಬಾವಿ ಬತ್ತಿತೆಂದು ಕೊರಗುತ್ತೇವೆ.

ಮಣ್ಣು ನೀರನ್ನು ಊರಲ್ಲೇ ಉಳಿಸಲು ಹಣ ಸಿಗುವ ದಾರಿಗಳಿವೆ. ನಬಾರ್ಡ್ ಬ್ಯಾಂಕಿನಲ್ಲಿ 1999-2000ರಲ್ಲಿ ಜಲಾನಯನ ಅಭಿವೃದ್ಧಿ ನಿಧಿ ಸ್ಥಾಪನೆಯಾಯಿತು. ತಮಿಳುನಾಡು ಸರ್ಕಾರ 2021-22ರಲ್ಲಿ ಮತ್ತೆ ಕೈಗೆತ್ತಿಕೊಂಡ ‘ನಮಕ್ಕು ನಾಮೇ’ ಯೋಜನೆಯಲ್ಲಿ ಹಳ್ಳಿಯವರು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಕೂಡಿಸಿದರೆ ಉಳಿದದ್ದನ್ನು ಸರ್ಕಾರ ಭರಿಸುವ ಏರ್ಪಾಟಿತ್ತು. ಆದರೆ ಹಣ ಬಂದ ಮೇಲೆ ಅದನ್ನು ನಡೆಸುವವರು ಯಾರು? ಈ ತಿಂಗಳ ಪಾಠ ಅದೇ.

ನಮ್ಮ ತಪ್ಪನ್ನೇ ಮೊದಲು ಹೇಳುತ್ತೇವೆ. ಹಿಂದೊಮ್ಮೆ ಉಪಕಾರಿಯೊಬ್ಬರು ಸಸಿಗಳಿಗಾಗಿ ಹಣ ಕೊಟ್ಟರು. ಹಬ್ಬದ ದಿನ ಪೂಜೆ ಮುಗಿಸಿ ಎಲ್ಲರೂ ಸಂತೋಷದಿಂದ ನೆಟ್ಟೆವು. ನೀರು ಹಾಕುವವರು ಯಾರು, ಕಾಯುವವರು ಯಾರು ಎಂದು ಹೆಸರು ಬರೆಯಲಿಲ್ಲ. ತಪಸ್ಸುಕಾಲ ಬರುವ ಮೊದಲೇ ಆಡುಗಳು ಮೇಯ್ದು ಮುಗಿಸಿದವು. ತಪ್ಪು ಆಡುಗಳದ್ದಲ್ಲ. ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗಲಿಲ್ಲ.

ಸ್ವಿಟ್ಜರ್ಲೆಂಡಿನಿಂದ 1948ರಲ್ಲಿ ಭಾರತಕ್ಕೆ ಬಂದ ಯೇಸುಸಭೆಯ ಗುರು ಹರ್ಮನ್ ಬಾಕರ್ ಮಹಾರಾಷ್ಟ್ರದ ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಸೀಮೆಯ ಬರದ ಹಳ್ಳಿಗಳಲ್ಲಿ ದುಡಿದರು. ಅವರ ಪ್ರಯತ್ನದಿಂದ 1990ರ ದಶಕದ ಆರಂಭದಲ್ಲಿ ಜರ್ಮನಿಯ ನೆರವಿನ ಜಲಾನಯನ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಬೇಡಿದ ಊರಿಗೆಲ್ಲ ಹಣ ಕೊಡಲಿಲ್ಲ. ಊರವರು ಮೊದಲು ಶ್ರಮದಾನ ಮಾಡಿ ತೋರಿಸಬೇಕಿತ್ತು. ಮರ ಕಡಿಯುವುದಿಲ್ಲ, ದನಕರುಗಳನ್ನು ಎಲ್ಲೆಂದರಲ್ಲಿ ಮೇಯಲು ಬಿಡುವುದಿಲ್ಲ ಎಂದು ಒಪ್ಪಬೇಕಿತ್ತು. ಗ್ರಾಮಸಭೆಯಲ್ಲಿ ಸಮಿತಿಯನ್ನು ಆರಿಸಬೇಕಿತ್ತು. ಹಣಕ್ಕೆ ಮುಂಚೆ ಹೊಣೆ ಎಂಬುದೇ ಅದರ ಸಾರ.

ಹಾಗಾದರೆ ನಮ್ಮ ಊರಿನ ಸಮಿತಿಗೆ ಯಾವ ಸೇವಕರು ಬೇಕು?

1. ಓದಿ ಹೇಳುವವರು. ಅರ್ಜಿ, ಆದೇಶಗಳು ತಮಿಳಿನಲ್ಲಿ ಬರುತ್ತವೆ. ನಮ್ಮ ಅನೇಕ ಮನೆಗಳ ಹಿರಿಯರು, ತಾಯಂದಿರು ಕನ್ನಡ ಮಾತ್ರ ಬಲ್ಲವರು. ಎರಡು ಭಾಷೆ ಬಲ್ಲ ಯುವಕ ಯುವತಿಯರು ಪ್ರತಿಯೊಂದನ್ನೂ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ತಿಳಿಯದ ಕಾಗದಕ್ಕೆ ಯಾರೂ ಹೆಬ್ಬೆಟ್ಟು ಒತ್ತಬಾರದು.

2. ಲೆಕ್ಕ ಇಡುವವರು. ಒಬ್ಬರ ಕೈಯಲ್ಲೇ ಹಣ ಇರಬಾರದು. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಇರಲಿ. ಪ್ರತಿ ರೂಪಾಯಿಗೂ ರಸೀದಿ ಇರಲಿ. ತಮಿಳುನಾಡಿನಲ್ಲಿ ಗ್ರಾಮಸಭೆಗೆ ವರ್ಷದಲ್ಲಿ ಆರು ದಿನ ಗೊತ್ತುಮಾಡಿದ್ದಾರೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಲೆಕ್ಕವನ್ನು ಅಲ್ಲಿ ಎಲ್ಲರ ಮುಂದೆ ಓದಿರಿ.

3. ಅಳೆಯುವವರು. 3 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಒಂದು ಇಂಗುಗುಂಡಿಯಲ್ಲಿ 750 ಲೀಟರ್ ನೀರು ನಿಲ್ಲುತ್ತದೆ. ಆಳ ಒಂದು ಗೇಣಿನ ಅರ್ಧದಷ್ಟು, ಅಂದರೆ 10 ಸೆಂಟಿಮೀಟರ್ ಕಡಿಮೆಯಾದರೆ 600 ಲೀಟರ್ ಮಾತ್ರ. ನೂರು ಗುಂಡಿಗಳಲ್ಲಿ ಒಂದೊಂದು ಸಲ ತುಂಬುವಾಗಲೂ 15,000 ಲೀಟರ್ ನಷ್ಟ. ಟೇಪು ಹಿಡಿಯುವವರು ನೆಂಟಸ್ತನ ನೋಡಬಾರದು.

4. ಕಾಯುವವರು. ಸಸಿ, ಬದು, ತಡೆಗಟ್ಟೆಗಳನ್ನು ವಾರಕ್ಕೊಮ್ಮೆ ನೋಡಿ, ಹೂಳು ತುಂಬಿದರೆ ಊರಿಗೆ ತಿಳಿಸಬೇಕು. ಕಾಡಿನ ಗಡಿ ಎಲ್ಲಿದೆಯೆಂದು ಇವರಿಗೆ ಗೊತ್ತಿರಬೇಕು. ನಮ್ಮ ಸುತ್ತಲಿನ ಕಾಡು 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮಗಳೆಂದು ಘೋಷಿತವಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ಗುದ್ದಲಿ ಹಾಕಬಾರದು.

5. ಆರೋಗ್ಯ ನೋಡುವವರು. ಗುಂಡಿಯ ನೀರು ಬೇಗ ಇಂಗಬೇಕು. ವಾರಗಟ್ಟಲೆ ನಿಂತರೆ ಸೊಳ್ಳೆ ಹುಟ್ಟುತ್ತದೆ. ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕೊಡಬೇಕು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಅದು ಮಕ್ಕಳ ಹಲ್ಲನ್ನು, ದೊಡ್ಡವರ ಮೂಳೆಯನ್ನು ಕೆಡಿಸುತ್ತದೆ. 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಇದೇ ಕಾರಣಕ್ಕೆ ಬಂದದ್ದು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲವೆಂದು ತಾಯಂದಿರಿಗೆ ತಿಳಿಸಿರಿ.

ಒಂದು ಎಚ್ಚರಿಕೆಯ ಮಾತು. ಮೇಯಿಸುವುದನ್ನು ನಿಲ್ಲಿಸಿದರೆ ನಷ್ಟ ಯಾರಿಗೆ? ಹೊಲವಿಲ್ಲದೆ ನಾಲ್ಕು ಆಡು ಸಾಕುವ ಮನೆಗೆ. ಬಾವಿಯ ನೀರು ಏರಿದರೆ ಲಾಭ ಯಾರಿಗೆ? ಬಾವಿ ಉಳ್ಳವರಿಗೆ. ಆದುದರಿಂದ ಆಡು ಸಾಕುವವರೂ ಕೂಲಿಯವರೂ ಸಮಿತಿಯಲ್ಲಿ ಕೂರಲೇಬೇಕು. ಮೇವು ಬೆಳೆದಾಗ ಕೊಯ್ದು ಒಯ್ಯುವ ಹಕ್ಕು ಮೊದಲು ಅವರಿಗಿರಲಿ. ದಿನದ ಕೂಲಿಯಿಂದ ಒಲೆ ಹೊತ್ತಿಸುವವರಿಂದ ಬಿಟ್ಟಿ ದುಡಿಮೆ ಕೇಳಬೇಡಿರಿ. ಅವರಿಗೆ ಕೂಲಿ ಕೊಡಿರಿ. ಶ್ರಮದಾನ ಹೊಲವುಳ್ಳವರಿಂದ ಮೊದಲಾಗಲಿ.

ಪ್ರಭು ಯೇಸು ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ದಿನವನ್ನು ನೆನೆಯಿರಿ. ಜನರನ್ನು ಸಾಲಾಗಿ ಕೂರಿಸಿದವರು, ಹಂಚಿದವರು, ಉಳಿದದ್ದನ್ನು ವ್ಯರ್ಥವಾಗದಂತೆ ಹನ್ನೆರಡು ಬುಟ್ಟಿಗಳಲ್ಲಿ ತುಂಬಿದವರು ಶಿಷ್ಯರು. ಅದ್ಭುತ ದೇವರದು, ಬುಟ್ಟಿ ಹಿಡಿದವರು ಮನುಷ್ಯರು.

ನಿಮ್ಮ ಕಿರುಸಮುದಾಯದ ಕೂಟದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿರಿ:

- ನಮ್ಮ ಬೀದಿಯಿಂದ ಈ ಐದು ಸೇವೆಗಳಿಗೆ ಯಾರು ಯಾರು?
- ನಮ್ಮ ತೀರ್ಮಾನದಿಂದ ನಷ್ಟಪಡುವ ಮನೆ ಯಾವುದು? ಅವರನ್ನು ಕೇಳಿದೆವೇ?

ಹೆಸರುಗಳನ್ನು ಬರೆದು ಮುಂದಿನ ಭಾನುವಾರದ ಪೂಜೆಯ ನಂತರ ನಮಗೆ ಕೊಡಿರಿ. ಅರ್ಜಿಯನ್ನು ಆಮೇಲೆ ಬರೆಯೋಣ.