ಸಮವಸ್ತ್ರ ಕಳಚಿದ ಮೇಲೂ ಉಳಿಯುವ ಕೆಲಸ

ಓದು ಮುಗಿಸಿ ಕೆಲಸಕ್ಕೆ ಹೊರಟಿರುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಕೆಲವರು ಸೈನ್ಯಕ್ಕೆ ಸೇರುತ್ತೀರಿ. ಕೆಲವರು ಅಣುವಿದ್ಯುತ್ ಕೇಂದ್ರಕ್ಕೆ, ಕೆಲವರು ಸೇತುವೆ ಅಣೆಕಟ್ಟು ನೋಡಿಕೊಳ್ಳುವ ಇಲಾಖೆಗೆ, ಔಷಧ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಹೋಗುತ್ತೀರಿ. ಎಲ್ಲೇ ಹೋದರೂ ಒಂದಲ್ಲ ಒಂದು ದಿನ ನಿಮ್ಮ ಮೇಜಿಗೆ ಒಂದು ಕಡತ ಬರುತ್ತದೆ. ಅದರಲ್ಲಿರುವ ಸಂಗತಿಗೆ ಜನರ ಜೀವ ಅಂಟಿಕೊಂಡಿರುತ್ತದೆ, ಮೇಲಿನವರಿಗೆ ಮಾತ್ರ ಅದು ಹೊರಗೆ ಹೋಗುವುದು ಬೇಡವಾಗಿರುತ್ತದೆ. ಆ ದಿನಕ್ಕೆ ಈಗಿನಿಂದಲೇ ಸಿದ್ಧರಾಗಿ ಎಂದು ಹೇಳುವುದಕ್ಕೆ ಅಲೆಕ್ಸಾಂಡರ್ ನಿಕಿತಿನ್ ಅವರ ಕಥೆಗಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ.

ನಿಕಿತಿನ್ ಹುಟ್ಟಿದ್ದು 1952ರಲ್ಲಿ, ಉಕ್ರೇನಿನಲ್ಲಿ. ಸೋವಿಯತ್ ನೌಕಾಪಡೆಯ ಉತ್ತರ ದಳದಲ್ಲಿ, ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಗಳಲ್ಲಿ ಎಂಜಿನಿಯರ್ ಆಗಿ ದುಡಿದವರು. ಆಮೇಲೆ ರಕ್ಷಣಾ ಸಚಿವಾಲಯದಲ್ಲಿ ಅಣು ಸುರಕ್ಷತೆಯ ತಪಾಸಣಾಧಿಕಾರಿಯಾದರು. ರಿಯಾಕ್ಟರುಗಳು ಸುಸ್ಥಿತಿಯಲ್ಲಿವೆಯೇ, ಉರಿದು ಮುಗಿದ ಇಂಧನವನ್ನು ಎಲ್ಲಿ ಇಟ್ಟಿದ್ದಾರೆ, ಇಟ್ಟ ಜಾಗ ಸೋರುತ್ತಿದೆಯೇ ಎಂದು ನೋಡುವ ಕೆಲಸ. 1992ರಲ್ಲಿ ಸೇವೆಯಿಂದ ಹೊರಬಂದರು.

ಆ ಕೆಲಸದ ಭಾರ ಎಷ್ಟು ಎಂದು ತಿಳಿಯಬೇಕಾದರೆ ಆ ಕಾಲದ ಒಂದೆರಡು ಘಟನೆ ಗೊತ್ತಿರಬೇಕು. 1985ರ ಆಗಸ್ಟ್ 10ರಂದು ವ್ಲಾದಿವೊಸ್ತೋಕ್ ಹತ್ತಿರದ ಚಾಜ್ಮಾ ಕೊಲ್ಲಿಯಲ್ಲಿ, ಜಲಾಂತರ್ಗಾಮಿಯೊಂದಕ್ಕೆ ಹೊಸ ಇಂಧನ ತುಂಬುವಾಗ ರಿಯಾಕ್ಟರ್ ಸ್ಫೋಟಿಸಿ ಹತ್ತು ಮಂದಿ ಸ್ಥಳದಲ್ಲೇ ಸತ್ತರು. ಹೊರಗಿನ ಜನಕ್ಕೆ ಅದು ವರ್ಷಗಟ್ಟಲೆ ತಿಳಿಯಲಿಲ್ಲ. 1989ರ ಏಪ್ರಿಲ್‌ನಲ್ಲಿ ‘ಕೊಮ್ಸೊಮೊಲೆತ್ಸ್’ ಎಂಬ ಜಲಾಂತರ್ಗಾಮಿ ಬೆಂಕಿ ಹತ್ತಿ ನಾರ್ವೆ ಸಮುದ್ರದಲ್ಲಿ ಮುಳುಗಿತು. 42 ನಾವಿಕರು ಸತ್ತರು. ನಾರ್ವೆಯ ಗಡಿಗೆ ಹತ್ತಿರವಿರುವ ಆಂದ್ರೆಯೆವಾ ಕೊಲ್ಲಿಯಲ್ಲಿ ಉರಿದ ಇಂಧನವನ್ನು ನೀರಿನ ಕೊಳದಲ್ಲಿಟ್ಟಿದ್ದರು. 1982ರಲ್ಲಿ ಆ ಕೊಳವೇ ಸೋರತೊಡಗಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣವಿಲ್ಲ, ಕೇಳುವವರಿಲ್ಲ. ಡಜನುಗಟ್ಟಲೆ ಹಳೆಯ ಜಲಾಂತರ್ಗಾಮಿಗಳು ಒಡಲಲ್ಲಿ ಇಂಧನ ಇಟ್ಟುಕೊಂಡೇ ದಡದಲ್ಲಿ ತುಕ್ಕು ಹಿಡಿಯುತ್ತಿದ್ದವು.

ಇದನ್ನೆಲ್ಲ ಒಟ್ಟುಗೂಡಿಸಿ ಜಗತ್ತಿನ ಮುಂದಿಡಬೇಕೆಂದು ಹೊರಟದ್ದು ನಾರ್ವೆಯ ‘ಬೆಲೊನಾ’ ಎಂಬ ಪರಿಸರ ಸಂಸ್ಥೆ. ನಿಕಿತಿನ್ ಅದರ ಜೊತೆ ಸೇರಿ, ಥಾಮಸ್ ನಿಲ್ಸೆನ್ ಮತ್ತು ಇಗೊರ್ ಕುದ್ರಿಕ್ ಅವರೊಡನೆ ಉತ್ತರ ನೌಕಾದಳದ ವಿಕಿರಣ ಮಾಲಿನ್ಯದ ಬಗ್ಗೆ ವರದಿ ಬರೆಯಲು ತೊಡಗಿದರು. ವರದಿ ಅಚ್ಚಾಗುವ ಮೊದಲೇ, 1996ರ ಫೆಬ್ರವರಿ 6ರಂದು, ಭದ್ರತಾ ಸಂಸ್ಥೆ ಎಫ್‌ಎಸ್‌ಬಿ ನಿಕಿತಿನ್ ಅವರನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬಂಧಿಸಿತು. ಆರೋಪ ದೇಶದ್ರೋಹ. ಹತ್ತು ತಿಂಗಳು ಸೆರೆ, ಆಮೇಲೆ ಬಿಡುಗಡೆಯಾದರೂ ಊರು ಬಿಟ್ಟು ಹೋಗುವಂತಿಲ್ಲ. 1997ರಲ್ಲಿ ಪರಿಸರ ಕಾರ್ಯಕ್ಕೆ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಬಂದಾಗ ಹೋಗಿ ತೆಗೆದುಕೊಳ್ಳುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ನಾನು ಹೇಳಬೇಕಾದ್ದು ಇರುವುದು ಇಲ್ಲಿಯೇ.

ಸೆರೆಯಿಂದ, ಕಟಕಟೆಯಿಂದ ನಿಕಿತಿನ್ ಅವರನ್ನು ಹೊರತಂದದ್ದು ಬರೀ ಧೈರ್ಯವಲ್ಲ. ಧೈರ್ಯ ಮಾತ್ರ ಇದ್ದ ಎಷ್ಟೋ ಜನ ಸೋತು ಮೂಲೆ ಸೇರಿದ್ದಾರೆ. ನಿಕಿತಿನ್ ಅವರ ಕೈಯಲ್ಲಿ ಇನ್ನೂ ಮೂರು ಬಲಗಳಿದ್ದವು. ತಾನು ಏನು ಮಾತಾಡುತ್ತಿದ್ದೇನೆ ಎಂಬುದು ಆ ಮನುಷ್ಯನಿಗೆ ಬುಡದಿಂದ ಗೊತ್ತಿತ್ತು. ಎಂಜಿನ್ ಕೋಣೆಯ ಬಿಸಿಯಲ್ಲಿ ನಿಂತು ಕಲಿತ ವಿದ್ಯೆ ಅದು. ಬರೆದದ್ದೆಲ್ಲ ಆಗಲೇ ಬಹಿರಂಗವಾಗಿದ್ದ ಮೂಲಗಳಲ್ಲಿದೆ ಎಂದು ತೋರಿಸುವ ಅಚ್ಚುಕಟ್ಟು ಇತ್ತು. ಜೊತೆಗೆ ಕಾನೂನು ಇತ್ತು. ರಷ್ಯದ 1993ರ ಸಂವಿಧಾನವನ್ನು ತೆರೆದರೆ, ಪ್ರಕಟಿಸದ ಕಾನೂನನ್ನು ಯಾರ ಮೇಲೂ ಹೇರುವಂತಿಲ್ಲ ಎನ್ನುತ್ತದೆ 15ನೇ ವಿಧಿ. ಪರಿಸರದ ಸ್ಥಿತಿಯ ಬಗ್ಗೆ ನಂಬಲರ್ಹ ಮಾಹಿತಿ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎನ್ನುತ್ತದೆ 42ನೇ ವಿಧಿ. ಹೊಸ ಕಾನೂನು ತಂದು ಹಿಂದಿನ ನಡತೆಯನ್ನು ಅಪರಾಧ ಮಾಡುವಂತಿಲ್ಲ ಎನ್ನುತ್ತದೆ 54ನೇ ವಿಧಿ. ಎಫ್‌ಎಸ್‌ಬಿ ನೆಚ್ಚಿಕೊಂಡದ್ದು ರಕ್ಷಣಾ ಸಚಿವಾಲಯದ ಗುಪ್ತ ಆದೇಶಗಳನ್ನು. ಆರೋಪಿಗೇ ಓದಲು ಸಿಗದ ಆದೇಶಗಳು! ವಕೀಲ ಯೂರಿ ಶ್ಮಿತ್ ಮತ್ತು ಅವರ ಜೊತೆಗಾರರು ಈ ಒಂದೊಂದು ವಿಧಿಯನ್ನೂ ಹಿಡಿದು ವರ್ಷಗಟ್ಟಲೆ ವಾದಿಸಿದರು. ಭದ್ರತಾ ಸಂಸ್ಥೆ ಒಪ್ಪಿದ ವಕೀಲರನ್ನೇ ಇಟ್ಟುಕೊಳ್ಳಬೇಕೆಂಬ ಷರತ್ತನ್ನು ಸಹ ಸಂವಿಧಾನ ನ್ಯಾಯಾಲಯದವರೆಗೆ ಒಯ್ದು ಮುರಿದರು.

1998ರಲ್ಲಿ ವಿಚಾರಣೆ ನಡೆಸಿದ ನ್ಯಾಯಾಲಯ ಶಿಕ್ಷೆಯನ್ನೂ ಕೊಡಲಿಲ್ಲ, ಬಿಡಲೂ ಇಲ್ಲ. ಇನ್ನಷ್ಟು ತನಿಖೆಯಾಗಲಿ ಎಂದು ಕಡತ ಹಿಂದಕ್ಕೆ ಕಳಿಸಿತು. ಮನುಷ್ಯನ ಎದೆ ಒಡೆಯುವುದು ಇಂಥ ಹೊತ್ತಿನಲ್ಲಿಯೇ. ಸೋಲನ್ನು ತಡೆದುಕೊಳ್ಳಬಹುದು, ಮುಗಿಯದ ಕಾಯುವಿಕೆಯನ್ನು ತಡೆದುಕೊಳ್ಳುವುದು ಕಷ್ಟ. 1999ರ ಡಿಸೆಂಬರ್ 29ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರ ನ್ಯಾಯಾಲಯದ ನ್ಯಾಯಾಧೀಶ ಸೆರ್ಗೇಯ್ ಗೊಲೆತ್ಸ್, ನಿಕಿತಿನ್ ಅವರನ್ನು ಪೂರ್ತಿ ನಿರ್ದೋಷಿ ಎಂದರು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರದ ವಕೀಲರು ಅಷ್ಟಕ್ಕೂ ಬಿಡದೆ ಮತ್ತೆ ಮೇಲ್ಮನವಿ ಹಾಕಿದರು. ಆ ಮೇಲ್ಮನವಿ ಇನ್ನೂ ತೀರ್ಮಾನವಾಗದೆ ಇದ್ದಾಗಲೇ, ಆಗಸ್ಟ್ 12ರಂದು, ಅದೇ ಉತ್ತರ ನೌಕಾದಳದ ‘ಕುರ್ಸ್ಕ್’ ಜಲಾಂತರ್ಗಾಮಿ ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿ 118 ಮಂದಿ ಸತ್ತರು. ಮೊದಲ ದಿನಗಳಲ್ಲಿ ಅಧಿಕಾರಿಗಳು ನಿಜ ಹೇಳದೆ ಮನೆಯವರನ್ನು ಕಾಯಿಸಿದ್ದನ್ನು ಇಡೀ ಜಗತ್ತು ನೋಡಿತು. ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟಿನ ಪ್ರೆಸಿಡಿಯಂ ಕೊನೆಯ ಮೇಲ್ಮನವಿಯನ್ನೂ ತಳ್ಳಿಹಾಕಿತು. ಗುಟ್ಟು ಕಾಯುವುದೇ ದೇಶಭಕ್ತಿ ಎನ್ನುವವರು ನಿಮಗೆ ಎದುರಾದಾಗ ಈ ಎರಡು ತಾರೀಕುಗಳನ್ನು ನೆನಪಿಸಿಕೊಳ್ಳಿ.

ಎಲ್ಲರ ಹಣೆಬರಹವೂ ಹೀಗೆ ತೀರುವುದಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಪೆಸಿಫಿಕ್ ನೌಕಾದಳದ ಅಧಿಕಾರಿ, ಪತ್ರಕರ್ತ ಗ್ರಿಗೊರಿ ಪಾಸ್ಕೊ ವಿಕಿರಣ ತ್ಯಾಜ್ಯವನ್ನು ಸಮುದ್ರಕ್ಕೆ ಸುರಿಯುವುದನ್ನು ಬಯಲಿಗೆಳೆದವರು. 1997ರಲ್ಲಿ ಬಂಧನ, 1999ರಲ್ಲಿ ದೇಶದ್ರೋಹದ ಆರೋಪದಿಂದ ಬಿಡುಗಡೆ, 2001ರಲ್ಲಿ ಮತ್ತೆ ಅದೇ ಆರೋಪದ ಮೇಲೆ ನಾಲ್ಕು ವರ್ಷ ಶಿಕ್ಷೆ. ಆದ್ದರಿಂದ, ಮಕ್ಕಳೇ, ಸತ್ಯ ಹೇಳಿದವನಿಗೆ ಗೆಲುವು ಖಂಡಿತ ಎಂದು ನಾನು ಹೇಳುವುದಿಲ್ಲ. ಹೇಳುವ ಮೊದಲು ಜೊತೆಗೆ ಯಾರಿದ್ದಾರೆ ನೋಡಿಕೊಳ್ಳಿ. ಒಬ್ಬಂಟಿಯಾಗಿ ಇಳಿಯಬೇಡಿ. ಒಳ್ಳೆಯ ವಕೀಲರು, ನಂಬುವ ಮನೆಯವರು, ಹೊರಗಿನಿಂದ ದನಿಗೂಡಿಸುವ ಸಂಸ್ಥೆ, ಇವು ಇಲ್ಲದಿದ್ದರೆ ನಿಕಿತಿನ್ ಅವರ ಹೆಸರು ನನ್ನ ಕಿವಿಗೂ ಬೀಳುತ್ತಿರಲಿಲ್ಲ.

ಬಿಡುಗಡೆಯಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಬೆಲೊನಾ ಕಚೇರಿಯನ್ನು ನಡೆಸಿದರು, ಅಣು ಸುರಕ್ಷತೆಯ ಬಗ್ಗೆ ಬರೆಯುತ್ತ, ಲೆಕ್ಕ ಕೇಳುತ್ತ ಬಂದರು. ಯಾಬ್ಲೊಕೊ ಪಕ್ಷದ ಹಸಿರು ಬಣದ ಮೂಲಕ ರಾಜಕೀಯಕ್ಕೂ ಕಾಲಿಟ್ಟರು. ಆ ಪಕ್ಷ ರಷ್ಯದಲ್ಲಿ ಅಧಿಕಾರದ ಹತ್ತಿರವೂ ಸುಳಿಯಲಿಲ್ಲ. ಆದರೂ ಅದನ್ನು ವ್ಯರ್ಥ ಶ್ರಮ ಎಂದು ನಾನು ಎಣಿಸುವುದಿಲ್ಲ. 2017ರ ಜೂನ್‌ನಲ್ಲಿ ಆಂದ್ರೆಯೆವಾ ಕೊಲ್ಲಿಯಿಂದ ಉರಿದ ಇಂಧನದ ಮೊದಲ ಹೊರೆ ಹಡಗು ಹತ್ತಿ ಹೊರಟಿತು. ನಾರ್ವೆ ಮತ್ತಿತರ ದೇಶಗಳ ಹಣ, ರಷ್ಯದ ಎಂಜಿನಿಯರುಗಳ ದುಡಿಮೆ ಎರಡೂ ಅದರ ಹಿಂದಿದ್ದವು. ಒಂದು ಕಾಲಕ್ಕೆ ದೇಶದ್ರೋಹವೆನಿಸಿದ್ದ ವಿಷಯ ಸರ್ಕಾರಿ ಕಾಮಗಾರಿಯಾಯಿತು. 2023ರ ಏಪ್ರಿಲ್‌ನಲ್ಲಿ ಅದೇ ರಷ್ಯ ಬೆಲೊನಾವನ್ನು ‘ಅನಪೇಕ್ಷಿತ ಸಂಸ್ಥೆ’ ಎಂದು ಸಾರಿದ್ದೂ ನಿಜ. ಇಂಥ ಕೆಲಸದಲ್ಲಿ ಗೆಲುವು ಒಮ್ಮೆ ಬಂದು ಸದಾ ನಿಲ್ಲುವುದಿಲ್ಲ.

ಇದು ಬಹಳ ದೂರದ ಕಥೆ ಎಂದುಕೊಳ್ಳಬೇಡಿ. ನಮ್ಮ ಕಾರವಾರದ ನೌಕಾನೆಲೆಯಲ್ಲಿರುವ ‘ವಿಕ್ರಮಾದಿತ್ಯ’ ಹಿಂದೆ ಅದೇ ಉತ್ತರ ನೌಕಾದಳದ ಹಡಗಾಗಿತ್ತು. ಹೊಸ ರೂಪ ಪಡೆದದ್ದು ಸೆವೆರೊದ್ವಿನ್ಸ್ಕ್‌ನ ಕಟ್ಟೆಯಲ್ಲಿ. ಕಾರವಾರದಿಂದ ಕೈಗಾ ಅಣುಸ್ಥಾವರವೂ ಹೆಚ್ಚು ದೂರವಿಲ್ಲ. ಅಲ್ಲಿಗೆ ದುಡಿಯಲು ಹೋಗುವವರು ನೀವೇ.

ಗುಟ್ಟು ಮಾರಿ ಎಂದು ನಾನು ಹೇಳುತ್ತಿಲ್ಲ. ದೇಶ ಕಾಯುವುದಕ್ಕೆ ಬೇಕಾದ ಗುಟ್ಟುಗಳಿವೆ, ಅವನ್ನು ಕಾಯಿರಿ. ತಪ್ಪು ಮುಚ್ಚುವುದಕ್ಕೆ ಹಚ್ಚಿದ ಗುಟ್ಟಿನ ಮೊಹರು ಬೇರೆ. ಎರಡರ ಅಂತರ ಗುರುತಿಸಲು ಕಾನೂನು ತಿಳಿದಿರಬೇಕು. ನಮ್ಮಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಮು, ಸಾರ್ವಜನಿಕ ಹಿತ ಹೆಚ್ಚಿನದಾದರೆ ಆ ಹಳೆಯ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಇವೆರಡನ್ನೂ ಓದಿ. ಸೇರಿದ ಮೇಲೆ ನೀವು ಕಂಡ ದೋಷವನ್ನು ತಾರೀಕು ಹಾಕಿ, ಲಿಖಿತವಾಗಿ, ಮೊದಲು ನಿಮ್ಮ ಮೇಲಧಿಕಾರಿಗೆ ಕೊಡಿ; ಸ್ವೀಕರಿಸಿದ ಸಹಿ ಇರುವ ಪ್ರತಿಯನ್ನು ಕೇಳಿ ಪಡೆಯಿರಿ.